ಹಿನ್ನೀರಿನ ದಂಡೆಯ ಎಕ್ಸ್‌ರೇ

ಇಪ್ಪತ್ತೆರಡು ವರ್ಷಗಳಿಂದ ನಾನು ಜನರಿಗೆ ಉಸಿರು ಬಿಗಿಹಿಡಿಯಲು ಹೇಳುತ್ತ ಬಂದಿದ್ದೇನೆ. ಸರ್ಕಾರಿ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ನನಗೆ ಕೆಲಸ. ಮೊದಲು ಕೂಡ್ಲಿಗಿ, ಆಮೇಲೆ ಹರಪನಹಳ್ಳಿ, ಈಗ ಹಗರಿಬೊಮ್ಮನಹಳ್ಳಿ. ಮನೆ ಮಾತ್ರ ಕೊಟ್ಟೂರಿನಲ್ಲೇ. ಬೆಳಿಗ್ಗೆ ಬಸ್ಸು ಹತ್ತಿ ಹೋಗಿ, ಕಿಟಕಿಯೇ ಇಲ್ಲದ ಕೋಣೆಯಲ್ಲಿ ಸೀಸದ ಏಪ್ರನ್ ಹಾಕಿಕೊಂಡು ನಿಂತು, "ಉಸುರು ಬಿಗಿ ಹಿಡೀರಿ, ಅಲುಗಾಡಬ್ಯಾಡ್ರಿ, ಹಾಂ, ಬಿಡ್ರಿ" ಎಂದು ದಿನವಿಡೀ ಹೇಳಿ ಸಂಜೆ ವಾಪಸು ಬರುತ್ತೇನೆ. ಕೆಲವರು "ಬಿಡ್ರಿ" ಎಂದಿದ್ದನ್ನು ಕೇಳಿಸಿಕೊಳ್ಳದೆ ಉಸಿರು ಹಿಡಿದುಕೊಂಡೇ ಹೊರಗೆ ನಡೆದುಬಿಡುತ್ತಾರೆ. ಅಂಥವರನ್ನು ಓಡಿಹೋಗಿ ಹಿಡಿದು ಉಸಿರು ಬಿಡಿಸಿದ್ದೂ ಉಂಟು.

ನಲವತ್ತೈದು ದಾಟಿದ ಮೇಲೆ ನನಗೊಂದು ಆಸೆ ಹುಟ್ಟಿತು. ಬಯಲಿನಲ್ಲಿ, ಬಿಸಿಲಿನಲ್ಲಿ, ಯಾವುದಾದರೂ ಜೀವದ ಹೊರಮೈಯ ಫೋಟೋ ತೆಗೆಯಬೇಕು. ಎಲುಬು ಸಾಕಾಗಿತ್ತು. ಅದೇ ಸಮಯಕ್ಕೆ ನಮ್ಮ ಆಸ್ಪತ್ರೆಯ ಹಲ್ಲಿನ ಡಾಕ್ಟರಿಗೆ ವರ್ಗವಾಯಿತು. ಅವರ ಹತ್ತಿರ ಹಕ್ಕಿಗಳ ಫೋಟೋ ತೆಗೆಯುವ ಒಂದು ಕ್ಯಾಮೆರಾ, ಅದಕ್ಕೊಂದು ಉದ್ದನೆಯ ಟೆಲಿ ಲೆನ್ಸು ಇತ್ತು. ಸಾಮಾನು ಕಟ್ಟುವಾಗ ಅವರ ಹೆಂಡತಿ, "ಲಾರಿಯೊಳಗೆ ಒಂದೋ ಇದು ಬರಬೇಕು, ಇಲ್ಲ ನಾನು ಬರಬೇಕು" ಎಂದರಂತೆ. ಡಾಕ್ಟರು ಒಂದು ರಾತ್ರಿ ಪೂರ್ತಿ ಯೋಚಿಸಿ, ಮರುದಿನ ಬೆಳಿಗ್ಗೆ ಕ್ಯಾಮೆರಾ, ಲೆನ್ಸು ಎರಡನ್ನೂ ನನಗೆ ಕೊಟ್ಟರು. ಕೊಡುವಾಗ ಕಣ್ಣಲ್ಲಿ ನೀರಿತ್ತು. ಲೆನ್ಸು ನನ್ನ ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟು ಉದ್ದ, ತುಂಬಿದ ತಾಮ್ರದ ಕೊಡದಷ್ಟು ಭಾರ.

ನನ್ನ ಗಂಡ ಬಸ್ ಕಂಡಕ್ಟರ್. ಲೆನ್ಸನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ಎತ್ತರ ನೋಡಿ, "ಹಾಫ್ ಟಿಕೆಟ್ ಆಗತೈತಿ ನೋಡು" ಎಂದರು. ಅದರ ವಿಷಯದಲ್ಲಿ ಅವರು ಆಡಿದ ಮೆಚ್ಚುಗೆಯ ಮಾತು ಅದೊಂದೇ.

ಆ ಲೆನ್ಸು ಹಿಡಿದು ಹೊರಗೆ ಹೋದ ಮೊದಲ ದಿನವೇ ಗೊತ್ತಾಯಿತು, ನಮ್ಮ ಕಡೆ ಅಷ್ಟುದ್ದದ ವಸ್ತುವೊಂದನ್ನು ಹೆಂಗಸೊಬ್ಬಳು ಕಣ್ಣಿಗೆ ಹಿಡಿದು ನಿಂತರೆ ಅದು ಫೋಟೋ ತೆಗೆಯಲಿಕ್ಕೆ ಎಂದು ಯಾರೂ ನಂಬುವುದಿಲ್ಲ. ಕಾನಹೊಸಹಳ್ಳಿಯ ಹತ್ತಿರ ಹೆದ್ದಾರಿ ಪಕ್ಕದ ತಂತಿಯ ಮೇಲೆ ನೀಲಕಂಠ ಕೂತಿತ್ತು. ಟ್ರೈಪಾಡ್ ನಿಲ್ಲಿಸಿ ಅದರ ಕಡೆ ಲೆನ್ಸು ತಿರುಗಿಸಿದ್ದೇ ತಡ, ದೂರದಿಂದ ಬರುತ್ತಿದ್ದ ವಾಹನಗಳೆಲ್ಲ ಒಮ್ಮೆಗೇ ನಿಧಾನವಾದವು. ಕಾರಿನವರು ಸೀಟ್ ಬೆಲ್ಟ್ ಎಳೆದುಕೊಂಡರು. ಬೈಕಿನವನೊಬ್ಬ ಹಿಂದೆ ಕೂತವಳ ತಲೆಗೆ ತನ್ನ ಹೆಲ್ಮೆಟ್ ಹಾಕಿದ, ಆಕೆ ತೆಗೆದು ಅವನ ತಲೆಗೆ ಹಾಕಿದಳು. ಮೆಣಸಿನಕಾಯಿ ಲಾರಿಯೊಂದು ನನ್ನ ಮುಂದೆಯೇ ಬಂದು ನಿಂತಿತು. ಡ್ರೈವರ್ ಇಳಿದು, ಲೈಸೆನ್ಸು, ಇನ್ಶೂರೆನ್ಸು, ಪರ್ಮಿಟ್ಟು ಎಲ್ಲ ನನ್ನ ಕೈಗೆ ಕೊಟ್ಟು, "ಸ್ಪೀಡು ಭಾಳಿದ್ದಿಲ್ರಿ ಮೇಡಂ, ಇಳಿಜಾರಿತ್ತು" ಎಂದ. ನಾನು ಹಕ್ಕಿ ತೋರಿಸಿದೆ. ಅವನು ಹಕ್ಕಿಯನ್ನು ನೋಡಿದ, ನನ್ನನ್ನು ನೋಡಿದ, ಕಾಗದಗಳನ್ನು ಮೆಲ್ಲಗೆ ವಾಪಸು ಇಸಿದುಕೊಂಡು, "ಅದರ ಮ್ಯಾಲೂ ಕೇಸ್ ಹಾಕ್ತೀರೇನ್ರಿ?" ಎಂದು ಕೇಳಿ ಹೋದ.

ಬಾಗಳಿಯ ಕೆರೆಯಲ್ಲಿ ಮಿಂಚುಳ್ಳಿಗೆಂದು ಕೂತಾಗ ಗುಡಿ ನೋಡಲು ಬಂದವರು ನನ್ನನ್ನು ಶಾಸನ ಓದುವವಳೆಂದುಕೊಂಡರು. ಉಚ್ಚಂಗಿದುರ್ಗದ ಬಂಡೆಗಳ ಕೆಳಗೆ ನಿಂತಾಗ ಗಾಳಿಯಂತ್ರದ ಕಂಪನಿಯವಳೆಂದು ತಿಳಿದು ರೈತರೊಬ್ಬರು ತಮ್ಮ ಹೊಲದಲ್ಲಿ ಗಾಳಿ ಎಷ್ಟು ಜೋರಾಗಿ ಬೀಸುತ್ತದೆ ಎಂದು ತೋರಿಸಲು ಹೆಗಲ ಮೇಲಿನ ಟವಲು ಬಿಚ್ಚಿ ಹಿಡಿದುಕೊಂಡು ನಿಂತರು. ಟವಲು ಅಲುಗಲಿಲ್ಲ. ಇಬ್ಬರಿಗೂ ಬೇಜಾರಾಯಿತು.

ಇವೆಲ್ಲ ಸಣ್ಣಪುಟ್ಟವು. ನಿಜವಾದ ಪೇಚು ಶುರುವಾದದ್ದು ಹೆಬ್ಬಾತುಗಳಿಂದ.

ಚಳಿಗಾಲದಲ್ಲಿ ಎದೆಯ ಎಕ್ಸ್‌ರೇ ತೆಗೆಸಲು ಬಂದ ಮೀನುಗಾರರೊಬ್ಬರು, ಉಸಿರು ಬಿಟ್ಟ ಮೇಲೆ, ಅಂಗಿ ಗುಂಡಿ ಹಾಕಿಕೊಳ್ಳುತ್ತ ಹೇಳಿದರು: "ಹಿನ್ನೀರಿಗೆ ಬಾತು ಬಂದಾವ್ರಿ. ಬಿಳೇ ತಲಿ, ಹಿಂದ ಎರಡು ಕರೇ ಗೆರಿ ಎಳದಂಗದಾವ." ಪಟ್ಟೆತಲೆ ಹೆಬ್ಬಾತು! ಹಿಮಾಲಯದ ಆಚೆಯಿಂದ ಅಷ್ಟೆತ್ತರದ ಶಿಖರಗಳನ್ನು ದಾಟಿ ಹಾರಿಬರುವ ಹಕ್ಕಿ. ಅದು ಬಂದು ಇಳಿದಿರುವುದು ನಾನು ದಿನಾ ಇಳಿಯುವ ಬಸ್ ಸ್ಟ್ಯಾಂಡಿನಿಂದ ಸ್ವಲ್ಪವೇ ದೂರದಲ್ಲಿ. ಆ ದಿನ ಉಳಿದವರೆಲ್ಲರ ಎಕ್ಸ್‌ರೇಯನ್ನೂ ನಾನು ಹಾಡು ಗುನುಗಿಕೊಂಡೇ ತೆಗೆದೆ.

ಭಾನುವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಹೋದೆ. ತುಂಗಭದ್ರೆಯ ಹಿನ್ನೀರು ಇಳಿದ ಜಾಗದಲ್ಲಿ ಹಸಿರು ಹುಲ್ಲು, ಅದರಾಚೆ ಕಡಲೆ ಹೊಲ. ಹುಲ್ಲಿನಲ್ಲಿ ನೂರಾರು ಹೆಬ್ಬಾತುಗಳು ಮೇಯುತ್ತಿದ್ದವು. ನಾನು ಹತ್ತಿರ ಹೋದೆ. ಒಂದು ಗೊತ್ತಾದ ದೂರಕ್ಕೆ ಬಂದ ತಕ್ಷಣ ಎಲ್ಲವೂ ಕತ್ತೆತ್ತಿದವು. ಇನ್ನೊಂದು ಹೆಜ್ಜೆ ಇಟ್ಟೆ. ಎಲ್ಲವೂ ಹಾರಿದವು. ಮುಂದಿನ ಭಾನುವಾರ ಬಗ್ಗಿಕೊಂಡು ಹೋದೆ. ಅದೇ ದೂರಕ್ಕೆ ಹಾರಿದವು. ಅದರ ಮುಂದಿನ ವಾರ ಹಸಿರು ಸೀರೆ ಉಟ್ಟು ಹೋದೆ. ಆಮೇಲೆ ಹೊಟ್ಟೆಯ ಮೇಲೆ ತೆವಳಿಕೊಂಡು ಹೋದೆ. ಹೆಬ್ಬಾತುಗಳಿಗೆ ಸೀರೆಯ ಬಣ್ಣವೂ ಒಂದೇ, ತೆವಳುವುದೂ ಒಂದೇ. ನನ್ನ ಹತ್ತಿರ ಹೆಬ್ಬಾತುಗಳ ಹಿಂಭಾಗದ ಫೋಟೋಗಳು ರಾಶಿ ಬಿದ್ದವು. ಒಂದೊಂದಾಗಿ ನೋಡಿ ನನ್ನ ಗಂಡ, "ಇವಕ್ಕ ಮುಖ ಇರಂಗಿಲ್ಲೇನು?" ಎಂದು ಕೇಳಿದರು. ಕೆಟ್ಟ ಮನಸ್ಸಿನಿಂದಲ್ಲ, ನಿಜವಾಗಿಯೂ ತಿಳಿದುಕೊಳ್ಳಲು.

ಒಂದು ಸಂಗತಿ ಮಾತ್ರ ನನ್ನ ಹೊಟ್ಟೆ ಉರಿಸುತ್ತಿತ್ತು. ಅದೇ ಹುಲ್ಲಿನಲ್ಲಿ ಎಮ್ಮೆಗಳೂ ಮೇಯುತ್ತಿದ್ದವು. ಎಮ್ಮೆ ನೇರವಾಗಿ ಹೆಬ್ಬಾತುಗಳ ನಡುವೆ ನುಗ್ಗಿದರೂ ಅವು ಹಾರುತ್ತಿರಲಿಲ್ಲ. ದಾರಿ ಬಿಟ್ಟು ಕೊಟ್ಟು ಮತ್ತೆ ಮೇಯುತ್ತಿದ್ದವು.

ಆ ದಿನ ನಾನು ಜಾಲಿ ಗಿಡದ ಬುಡದಲ್ಲಿ ಹಸಿರು ಬಟ್ಟೆ ಹೊದ್ದು ಮಲಗಿದ್ದೆ. ತಲೆಯ ಮೇಲಿಂದ ಒಂದು ದನಿ ಬಂತು.

"ಯಾಕ ಯವ್ವಾ, ತಲಿ ತಿರುಗಿ ಬಿದ್ದಿಯೇನು?"

ಎದ್ದು ನೋಡಿದೆ. ಎಪ್ಪತ್ತು ದಾಟಿದ ಹೆಂಗಸು. ಕೈಯಲ್ಲಿ ಕೋಲು, ಬಗಲಲ್ಲಿ ಎಲೆ ಅಡಿಕೆಯ ಚೀಲ, ಹಿಂದೆ ಕುಂಟುತ್ತಿದ್ದ ಒಂದು ಎಮ್ಮೆ. ಆಕೆಯ ಹೆಸರನ್ನು ನಾನು ಎಂದೂ ಕೇಳಲಿಲ್ಲ. ಮೊದಲ ದಿನದಿಂದ ಅವ್ವ ಎಂದೇ ಕರೆದೆ.

"ಇಲ್ಲವ್ವಾ, ಬಾತು ಫೋಟೋ ತಗಿಯಾಕ ಬಂದೀನಿ."

ಆಕೆ ನನ್ನ ಮುಖವನ್ನು ದಿಟ್ಟಿಸಿ ನೋಡಿದಳು. "ನೀನು ಆಸ್ಪತ್ರ್ಯಾಗಿನ ಎಕ್ಸ್ರೆ ಅಕ್ಕ ಅಲ್ಲೇನು? ಹೋದ ವರ್ಷ ನನ್ನ ಸೊಂಟ ತಗದಿದ್ದಿ. ಕತ್ತಲ ಕ್ವಾಣ್ಯಾಗ. ಉಸುರು ಹಿಡಿ ಅಂತ ಬೈದಿದ್ದಿ."

ಹೌದೆಂದೆ. ಆಕೆಯ ಕಣ್ಣು ನನ್ನ ಮುಖದಿಂದ ಲೆನ್ಸಿಗೆ ಇಳಿಯಿತು. ಆ ಕ್ಷಣದಲ್ಲಿ ಆಕೆಯ ತಲೆಯಲ್ಲಿ ಏನೋ ಒಂದು ಗಟ್ಟಿಯಾಗಿ ಕೂತದ್ದು ನನಗೆ ಕಾಣಿಸಿತು.

"ಈಗ ಮಿಷನ್ ಹೊತಗಂಡು ಊರೂರಿಗೆ ಬರಾಕತ್ತೀರೇನು? ಚಲೋ ಆತು ಬಿಡು."

"ಇದು ಎಕ್ಸ್‌ರೇ ಮಿಷನ್ ಅಲ್ಲವ್ವಾ. ಕ್ಯಾಮೆರಾ."

"ಕ್ಯಾಮೆರಾ ನಾ ನೋಡೀನಿ. ಮೊಮ್ಮಗಳ ಮದಿವ್ಯಾಗ ತಂದಿದ್ರು, ಗೇಣುದ್ದ ಇತ್ತು. ನನಗೇನು ಹೇಳ್ತಿ?"

"ಇದು ದೂರದ್ದು ಹತ್ರ ಕಾಣಂಗ ಮಾಡ್ತೈತಿ, ಅಷ್ಟ."

"ಒಳಗಿಂದು ಹೊರಗ ಕಾಣಂಗ ಮಾಡಾಕಿ ನೀನು," ಎಂದಳು ಅವ್ವ, ವಾದ ಮುಗಿಯಿತು ಎಂಬಂತೆ. "ನೋಡು, ನಮ್ಮ ಎಮ್ಮಿ ನಾಲ್ಕು ದಿನದಿಂದ ಕುಂಟಾಕತ್ತೈತಿ. ಕಾಲು ಒಂದು ತಗಿ. ಆಮ್ಯಾಲೆ ನನ್ನ ಎಮ್ಮಿ ಮರೆಯಾಗ ನಿಂತು ಬಾತಿನ ಹತ್ರ ಎಷ್ಟು ಬೇಕಾದ್ರೂ ಹೋಗು. ಬಾತು ನಮ್ಮ ಎಮ್ಮಿಗೆ ಹೆದರಂಗಿಲ್ಲ."

ಇದಕ್ಕಿಂತ ಒಳ್ಳೆಯ ಒಪ್ಪಂದ ನನಗೆ ಆ ಚಳಿಗಾಲದಲ್ಲಿ ಸಿಗುವಂತಿರಲಿಲ್ಲ. ಫೋಟೋ ತೆಗೆದು ತೋರಿಸಿಬಿಟ್ಟರೆ ಬರೀ ಕ್ಯಾಮೆರಾ ಎಂದು ಆಕೆಗೇ ಗೊತ್ತಾಗುತ್ತದೆ ಎಂದುಕೊಂಡೆ. ಈ ಲೆನ್ಸಿಗೆ ಹದಿನೈದು ಅಡಿಗಿಂತ ಹತ್ತಿರ ಇರುವುದು ಕಾಣುವುದಿಲ್ಲ, ಬರೀ ಮಂಜು. ಅದಕ್ಕೇ ಇಪ್ಪತ್ತು ಹೆಜ್ಜೆ ಹಿಂದಕ್ಕೆ ಹೋಗಿ, ನೆಲದ ಮೇಲೆ ಕೂತು, ಎಮ್ಮೆ ನೋಯುವ ಕಾಲನ್ನು ಎತ್ತಿ ಹಿಡಿದಾಗ ಶಟರ್ ಒತ್ತಿದೆ. ಕ್ಯಾಮೆರಾದ ಪರದೆಯಲ್ಲಿ ಫೋಟೋ ದೊಡ್ಡದು ಮಾಡಿ ಅವ್ವನ ಮುಂದೆ ಹಿಡಿದೆ. "ನೋಡವ್ವಾ, ಬರೇ ಕಾಲು. ಎಲುಬು ಎಲ್ಲೈತಿ?"

ಅವ್ವ ನೋಡಿದಳು. ನಾನೂ ನೋಡಿದೆ. ಗೊರಸಿನ ಎರಡು ಭಾಗಗಳ ಸಂದಿಯಲ್ಲಿ, ಕೆಸರಿನ ನಡುವೆ, ಒಂದು ಕಪ್ಪು ಗೆರೆ ನೇರವಾಗಿ ನಿಂತಿತ್ತು. ಇನ್ನಷ್ಟು ದೊಡ್ಡದು ಮಾಡಿದೆ. ಜಾಲಿ ಮುಳ್ಳು.

ಅವ್ವ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು, ಎಮ್ಮೆಯ ಕಾಲನ್ನು ತೊಡೆಯ ಮೇಲೆಳೆದುಕೊಂಡು, ಎರಡು ನಿಮಿಷದಲ್ಲಿ ಮುಳ್ಳನ್ನು ಹೊರಗೆ ತೆಗೆದಳು. ಹೆಬ್ಬೆರಳಿನುದ್ದ ಇತ್ತು. ಆ ಜಾಗಕ್ಕೆ ಚೀಲದಿಂದ ಸುಣ್ಣ ತೆಗೆದು ಮೆತ್ತಿದಳು. ಆಮೇಲೆ ಎದ್ದು ನಿಂತು, ಲೆನ್ಸಿಗೆ ಕೈ ಮುಗಿದಳು. ನನಗಲ್ಲ, ಲೆನ್ಸಿಗೆ.

ಮಾತಿನಂತೆ ಎಮ್ಮೆಯನ್ನು ನನಗೆ ಮರೆ ಮಾಡಿ ಹೆಬ್ಬಾತುಗಳ ಕಡೆ ನಡೆಸಿದಳು. ನಾನು ಎಮ್ಮೆಯ ಪಕ್ಕೆಗೆ ಅಂಟಿಕೊಂಡು ಬಗ್ಗಿ ನಡೆದೆ. ಎಲ್ಲ ಸರಿಯಾಗಿಯೇ ಇತ್ತು. ಆದರೆ ನಾಲ್ಕು ದಿನದ ನೋವು ಹೋದ ಖುಷಿಗೆ ಎಮ್ಮೆ ಒಮ್ಮೆಗೇ ಬಾಲ ಎತ್ತಿ ಓಡತೊಡಗಿತು. ಮೊದಲು ಹೆಬ್ಬಾತುಗಳು ಹಾರಿದವು, ಹಿಂದೆ ಅವ್ವ ಓಡಿದಳು. ನಾನು ಬಯಲಿನ ಮಧ್ಯೆ, ಇಲ್ಲದ ಎಮ್ಮೆಯ ಮರೆಯಲ್ಲಿ, ಬಗ್ಗಿಕೊಂಡೇ ನಿಂತಿದ್ದೆ.

ಮುಂದಿನ ಭಾನುವಾರ ಹೋದಾಗ ಜಾಲಿ ಗಿಡದ ನೆರಳಲ್ಲಿ ಹನ್ನೊಂದು ಜನ ಸಾಲಾಗಿ ಕೂತಿದ್ದರು.

ನನಗೆಂದು ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಫ್ಲಾಸ್ಕಿನಲ್ಲಿ ಚಹಾ ಇತ್ತು. ಮೊಣಕಾಲು ನೋವಿನ ಅಜ್ಜ ಒಬ್ಬರು, ಬೆನ್ನು ನೋವಿನವರು, ಕತ್ತು ತಿರುಗದವರು. ಟ್ರ್ಯಾಕ್ಟರಿನಿಂದ ಬಿದ್ದು ಕೈಗೆ ನಾಟಿ ಕಟ್ಟು ಕಟ್ಟಿಸಿಕೊಂಡಿದ್ದ ಡ್ರೈವರ್ ಒಬ್ಬ. ಸಾಲಿನ ಕೊನೆಯಲ್ಲಿ ಒಬ್ಬ ರೈತ ಬೋರಿನ ಮೋಟರು ಹೊತ್ತು ತಂದಿದ್ದ. ಒಳಗೆ ಯಾವ ವೈರು ಸುಟ್ಟಿದೆ ಎಂದು ಬಿಚ್ಚದೆ ಹೇಳಬೇಕಂತೆ. ಅವ್ವನ ಸೊಸೆ ಬುಟ್ಟಿಯಲ್ಲಿ ಮೂರು ಕೋಳಿ ಇಟ್ಟುಕೊಂಡು ಕೂತಿದ್ದಳು.

"ನನ್ನ ಮೂಗುತಿ ನುಂಗ್ಯಾವ್ರಿ ಅಕ್ಕಾರ," ಎಂದಳು ಸೊಸೆ.

"ಮೂರೂ?"

"ಒಂದ. ಯಾವುದಂತ ಗೊತ್ತಾದ್ರ ಉಳದ ಎರಡು ಬದುಕ್ಕಂತಾವ."

ನಾನು ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದೆ: ಇದು ಎಕ್ಸ್‌ರೇ ಅಲ್ಲ, ಇದರಿಂದ ಕಿರಣ ಬರುವುದಿಲ್ಲ, ಎಲುಬು ಕಾಣುವುದಿಲ್ಲ, ನಾನು ಹಕ್ಕಿ ನೋಡಲು ಬಂದವಳು. ಎಲ್ಲರೂ ಸಮಾಧಾನದಿಂದ ಕೇಳಿದರು. ಮೊಣಕಾಲಿನ ಅಜ್ಜ, "ಹೌದ್ರಿ, ಸರ್ಕಾರದೋರು ಹಂಗ ಹೇಳಬೇಕಾಗತೈತಿ" ಎಂದು ನನ್ನ ಕಷ್ಟವನ್ನು ಅರ್ಥ ಮಾಡಿಕೊಂಡರು. ಅವ್ವ ಅಷ್ಟರಲ್ಲಿ ಕಾಂಪೌಂಡರ್ ಆಗಿಬಿಟ್ಟಿದ್ದಳು. ಎಕ್ಸ್‌ರೇ ಕೋಣೆಯ ಬಾಗಿಲ ಮೇಲಿನ ಬೋರ್ಡನ್ನು ಯಾರೋ ಓದಿ ಹೇಳಿದ್ದು ಆಕೆಗೆ ನೆನಪಿತ್ತು. ಕೋಲು ಎತ್ತಿ, "ಬಸುರೇರು ಯಾರರ ಇದ್ರ ಹಿಂದ ಸರೀರಿ, ಕಿರಣ ಬಡೀತಾವ!" ಎಂದು ಕೂಗಿದಳು. ಒಬ್ಬಳು ನಿಜವಾಗಿಯೂ ಎದ್ದು ಹಿಂದೆ ಸರಿದು ಕೂತಳು.

ನನಗೆ ನಗು ಬರುವ ಬದಲು ಹೆದರಿಕೆಯಾಯಿತು. ನಾನು ನೋಡಿದೆ ಎಂಬ ನೆಮ್ಮದಿಯಲ್ಲಿ ಇವರು ಆಸ್ಪತ್ರೆಗೆ ಬರದೇ ಹೋದರೆ? ಇಲ್ಲ ಎಂದರೆ ನಂಬುವುದಿಲ್ಲ, ಹೌದು ಎಂದರೆ ಸುಳ್ಳು. ಆ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತ ಒಂದು ತೀರ್ಮಾನಕ್ಕೆ ಬಂದೆ. ಎಲ್ಲರನ್ನೂ ನೋಡುತ್ತೇನೆ, ಎಲ್ಲರಿಗೂ ಒಂದೇ ಮಾತು ಹೇಳುತ್ತೇನೆ: ಇದರಲ್ಲಿ ಸರಿಯಾಗಿ ಕಾಣಲಿಲ್ಲ, ಸೋಮವಾರ ಆಸ್ಪತ್ರೆಗೆ ಬಂದು ದೊಡ್ಡ ಮಿಷನ್ನಿನಲ್ಲಿ ತೆಗೆಸಿರಿ.

ಇಪ್ಪತ್ತು ಹೆಜ್ಜೆ ದೂರದಲ್ಲಿ, ನೀರಿಗೆ ಬೆನ್ನು ಮಾಡಿ ಟ್ರೈಪಾಡ್ ಊರಿದೆ. ಎದುರಿಗೆ ಸಾಲು. ಒಬ್ಬೊಬ್ಬರ ಮೇಲೂ ಲೆನ್ಸು ಇಟ್ಟು ನೋಡಿದೆ. ಆಸ್ಪತ್ರೆಯಲ್ಲಿ ನಾನು ಜನರನ್ನು ಇಷ್ಟು ಹೊತ್ತು ನೋಡಿದವಳಲ್ಲ. ಅಲ್ಲಿ ಹೆಸರು, ವಯಸ್ಸು, ಎಡವೋ ಬಲವೋ, ಮುಗಿಯಿತು. ಇಲ್ಲಿ ಅಜ್ಜನ ಹುಬ್ಬಿನ ಒಂದೊಂದು ಕೂದಲೂ ಕಾಣುತ್ತಿತ್ತು. ಬೆನ್ನು ನೋವಿನ ಹೆಂಗಸು ನೋವಿಲ್ಲದವಳಂತೆ ಮುಖ ಗಟ್ಟಿ ಮಾಡಿಕೊಂಡದ್ದು ಕಾಣುತ್ತಿತ್ತು. ಟ್ರ್ಯಾಕ್ಟರ್ ಡ್ರೈವರನ ಮಣಿಕಟ್ಟು ಕಟ್ಟಿನ ಮೇಲಿಂದಲೇ ಊಟದ ಚಮಚೆಯಂತೆ ಬಾಗಿದ್ದು ಕಂಡಿತು. ಅದಕ್ಕೆ ಯಾವ ಲೆನ್ಸೂ ಬೇಕಿರಲಿಲ್ಲ. ಅಂಥ ಕೈಗಳನ್ನು ಇಪ್ಪತ್ತೆರಡು ವರ್ಷ ಮೇಜಿನ ಮೇಲೆ ಇರಿಸಿದವಳು ನಾನು.

"ಈ ಕೈ ನಾಳೇನ ಬರಬೇಕು," ಎಂದು ಕೂಗಿ ಹೇಳಿದೆ. "ತಪ್ಪಿಸಂಗಿಲ್ಲ."

ಆಮೇಲೆ ಮೊಣಕಾಲಿನ ಅಜ್ಜನ ಸರದಿ. ಅವರು ಪಂಚೆ ಮೇಲೆತ್ತಿ ಕಾಲು ಚಾಚಿದರು. ಸುತ್ತಲಿನವರು ಇಣುಕಲು ಎದ್ದು ಬಗ್ಗಿದರು, ಮಾತಾಡತೊಡಗಿದರು. ರೂಢಿಯ ಬಲದಿಂದ ನನ್ನ ಬಾಯಿಂದ ಬಂದುಬಿಟ್ಟಿತು:

"ಎಲ್ಲಾರೂ ಕುಂದರ್ರಿ! ಉಸುರು ಬಿಗಿ ಹಿಡೀರಿ! ಅಲುಗಾಡಬ್ಯಾಡ್ರಿ!"

ಹನ್ನೊಂದು ಜನ ಕೂತು ಉಸಿರು ಬಿಗಿಹಿಡಿದರು. ಬಯಲೆಲ್ಲ ಸದ್ದಡಗಿತು. ಮೋಟರಿನವನು ಮೋಟರನ್ನೂ ಅಲುಗದಂತೆ ತಬ್ಬಿಕೊಂಡ.

ಆಗ ಎಡಗಡೆಯಿಂದ ಮೆಲ್ಲನೆಯ ಗೊಣಗಾಟ ಕೇಳಿಸಿತು. ಎಮ್ಮೆಗಳ ಜೊತೆ ಮೇಯುತ್ತ ಹೆಬ್ಬಾತುಗಳ ಒಂದು ಗುಂಪು ನಮ್ಮ ಕಡೆಗೇ ಬರುತ್ತಿತ್ತು. ಅಲುಗದೆ ಕೂತ ಈ ಹನ್ನೊಂದು ಜನರನ್ನು ಅವು ಗಿಡದ ಬೊಡ್ಡೆಗಳೆಂದೋ ಎಮ್ಮೆಗಳೆಂದೋ ತಿಳಿದಿರಬೇಕು. ಎರಡು ತಿಂಗಳಿಂದ ನಾನು ದಾಟಲಾಗದ ಗೆರೆಯನ್ನು ಅವು ತಾವೇ ದಾಟಿ ಬರುತ್ತಿದ್ದವು. ನಾನು ಉಸಿರಾಡದೆ ಲೆನ್ಸು ತಿರುಗಿಸಿದೆ. ಪೂರ್ತಿ ಮುಖ! ಬಿಳಿ ತಲೆ, ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕಿನ ತುದಿಯಲ್ಲಿ ಹುಲ್ಲಿನ ಎಸಳು. ಶಟರ್ ಒತ್ತಬೇಕೆನ್ನುವಷ್ಟರಲ್ಲಿ ಅದು ಸಾಲಿಗೂ ನನಗೂ ನಡುವೆ ನುಗ್ಗಿ ಇನ್ನೂ ಹತ್ತಿರ ಬಂತು. ಲೆನ್ಸು ಗುರ್ ಎಂದಿತು. ಮಂಜು. ಹಕ್ಕಿ ಹದಿನೈದು ಅಡಿಯ ಒಳಗೆ ಬಂದುಬಿಟ್ಟಿತ್ತು.

ನಾನು ಟ್ರೈಪಾಡ್ ಎತ್ತಿಕೊಂಡು ಒಂದು ಹೆಜ್ಜೆ ಹಿಂದೆ ಇಟ್ಟೆ. ಹೆಬ್ಬಾತು ಎರಡು ಹೆಜ್ಜೆ ಮುಂದೆ ಬಂತು. ನಾನು ಇನ್ನೆರಡು ಹೆಜ್ಜೆ ಹಿಂದೆ. ಅದು ಮೇಯುತ್ತ ಇನ್ನೂ ಮುಂದೆ. ಅದಕ್ಕೆ ಬೇಕಿದ್ದ ಹುಲ್ಲೆಲ್ಲ ನನ್ನ ಕಾಲ ಕೆಳಗೇ ಇದ್ದಂತಿತ್ತು. ಹಿಮಾಲಯ ದಾಟಿ ಬಂದ ಹಕ್ಕಿಯಿಂದ ದೂರ ಹೋಗಲು ನಾನು ಹೀಗೆ ಹಿಂದೆ ಹಿಂದಕ್ಕೆ ನಡೆಯುತ್ತಿದ್ದೆ. ಅತ್ತ ಸಾಲಿನಲ್ಲಿ ಯಾರೂ ಉಸಿರು ಬಿಟ್ಟಿರಲಿಲ್ಲ. ನಾನು "ಬಿಡ್ರಿ" ಎಂದೇ ಇರಲಿಲ್ಲ. ಅಜ್ಜನ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗುತ್ತಿತ್ತು. ಅವ್ವ ಕೆನ್ನೆ ಉಬ್ಬಿಸಿಕೊಂಡು ನನ್ನನ್ನು ಕಣ್ಣಲ್ಲೇ ಬೈಯುತ್ತಿದ್ದಳು. ಹೇಳಿದರೆ ಹಕ್ಕಿ ಹಾರುತ್ತದೆ, ಹೇಳದಿದ್ದರೆ ಜನ ಸಾಯುತ್ತಾರೆ. ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ: ಒಂದೆರಡು ಕ್ಷಣ ನಾನು ಯೋಚಿಸಿದೆ.

ಯೋಚಿಸುತ್ತಲೇ ಇಟ್ಟ ಮುಂದಿನ ಹೆಜ್ಜೆಗೆ ನೆಲ ಇರಲಿಲ್ಲ. ಹಿನ್ನೀರಿನ ಅಂಚಿನ ಕೆಸರಿಗೆ ಹಿಮ್ಮುಖವಾಗಿ ಬಿದ್ದೆ. ಬೀಳುವಾಗ ಬೆರಳು ಶಟರ್ ಒತ್ತಿತು. ಲೆನ್ಸನ್ನು ಎರಡೂ ಕೈಯಲ್ಲಿ ಮೇಲಕ್ಕೆತ್ತಿ ಹಿಡಿದು, ಸೊಂಟದವರೆಗೆ ಕೆಸರಲ್ಲಿ ಕೂತು, "ಬಿಡ್ರಿ!" ಎಂದು ಕಿರುಚಿದೆ. ಹನ್ನೊಂದು ಜನರೂ ಒಟ್ಟಿಗೆ ಬಿಟ್ಟ ಉಸಿರಿನ ಸದ್ದಿಗೆ ಹೆಬ್ಬಾತುಗಳಷ್ಟೇ ಅಲ್ಲ, ಎಮ್ಮೆಗಳೂ ಓಡಿದವು.

ನನಗೆ ಸಿಕ್ಕಿದ್ದು ಒಂದೇ ಫೋಟೋ. ಅದರಲ್ಲಿ ಹೆಬ್ಬಾತು ಮಂಜುಮಂಜಾಗಿ ಒಂದು ಬಿಳಿಯ ಮೋಡದಂತಿದೆ. ಅದರ ಹಿಂದೆ, ಒಂದೊಂದು ಸುಕ್ಕೂ ಎಣಿಸುವಷ್ಟು ಸ್ಪಷ್ಟವಾಗಿ, ಅಜ್ಜನ ಮೊಣಕಾಲು.

ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಜಗಲಿಯ ಮೇಲೆ ಆ ಹನ್ನೊಂದು ಜನರಲ್ಲಿ ಒಂಬತ್ತು ಜನ ಕೂತಿದ್ದರು. ಮೋಟರಿನವನೂ ಬಂದಿದ್ದ, ಅವನನ್ನು ಎದುರಿನ ವೈಂಡಿಂಗ್ ಅಂಗಡಿಗೆ ಕಳಿಸಿದೆ. ಮೂಳೆ ಡಾಕ್ಟರು ಚಿಕ್ಕ ವಯಸ್ಸಿನವರು, ಬಂದು ಆರು ತಿಂಗಳಾಗಿತ್ತು. ಒಬ್ಬರಾದ ಮೇಲೆ ಒಬ್ಬರನ್ನು ನೋಡಿ, ಮಧ್ಯಾಹ್ನದ ಹೊತ್ತಿಗೆ ಎಕ್ಸ್‌ರೇ ಕೋಣೆಗೆ ಬಂದು ಬಾಗಿಲಲ್ಲಿ ನಿಂತರು.

"ಅಕ್ಕಾ, ಯಾರು ಕಳಿಸಿದ್ರು ಅಂತ ಕೇಳಿದ್ರೆ ಎಲ್ಲಾರೂ ಬಾತುಕೋಳಿ ಮೇಡಂ ಅಂತಾರೆ. ಯಾರದು?"

ನಾನು ನಡೆದದ್ದನ್ನೆಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಟ್ರ್ಯಾಕ್ಟರ್ ಡ್ರೈವರನ ಫಿಲ್ಮನ್ನು ಬೆಳಕಿಗೆ ಹಿಡಿದರು. ಮಣಿಕಟ್ಟಿನ ಎಲುಬು ಮುರಿದು ಜರುಗಿತ್ತು. "ಇನ್ನೆರಡು ವಾರ ಹಂಗೇ ಬಿಟ್ಟಿದ್ರೆ ಸೊಟ್ಟ ಕೂಡ್ತಿತ್ತು," ಎಂದರು. "ಈ ಮನುಷ್ಯ ನಾಟಿ ಕಟ್ಟು ಬಿಟ್ಟು ಇಲ್ಲಿಗೆ ಬರೋನಲ್ಲ ಅಂತ ಅವನ ಹೆಂಡ್ತೀನೇ ಹೇಳಿದ್ಲು. ನಿಮ್ಮ ಲೆನ್ಸಿಗೆ ಹೆದರಿ ಬಂದಿದ್ದಾನೆ." ನಗಬೇಕೋ ಬೇಡವೋ ಗೊತ್ತಾಗದೆ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಕೊನೆಗೆ ಡಾಕ್ಟರೇ, "ಕೋಳಿ ತಂದಿರೋ ಹೆಂಗಸಿಗೆ ಏನು ಹೇಳ್ಲಿ?" ಎಂದು ಕೇಳಿದಾಗ ಇಬ್ಬರಿಗೂ ತಡೆಯಲಾಗಲಿಲ್ಲ.

ಸೊಸೆ ಮೂರು ತಾಸು ಜಗಲಿಯಲ್ಲಿ ಕಾದಿದ್ದಳು. ಕೋಳಿಗೆ ಎಕ್ಸ್‌ರೇ ತೆಗೆಯಲು ಬರುವುದಿಲ್ಲ ಎಂದು ನಾನು ಹೇಳಲು ಹೋದಾಗ, ಬುಟ್ಟಿಯ ತಳದ ಬಟ್ಟೆ ಕೊಡವಿ ಮಡಚುತ್ತಿದ್ದಳು. ಮೂಗುತಿ ಟಣ್ ಎಂದು ನೆಲಕ್ಕೆ ಬಿತ್ತು. ಕೋಳಿ ಹಾಕಿತ್ತೋ, ಮೊದಲಿನಿಂದ ಬಟ್ಟೆಯ ಮಡಿಕೆಯಲ್ಲೇ ಇತ್ತೋ ದೇವರೇ ಬಲ್ಲ. ಸೊಸೆ ಮಾತ್ರ ಸಂಶಯ ಪಡಲಿಲ್ಲ. "ಆಸ್ಪತ್ರಿಗೆ ಬಂದ ಮ್ಯಾಲೆನ ಸಿಕ್ತು ನೋಡ್ರಿ" ಎಂದು, ಮೂರೂ ಕೋಳಿಗಳಿಗೆ ಜೀವದಾನವಾದ ಸಂತೋಷದಲ್ಲಿ ಬಸ್ ಸ್ಟ್ಯಾಂಡಿಗೆ ನಡೆದಳು.

ಮಾರ್ಚಿನಲ್ಲಿ ಹೆಬ್ಬಾತುಗಳು ಹೋದವು. ನಾನಿಲ್ಲದ ಒಂದು ಬುಧವಾರ ಹೋದವಂತೆ.

ಮರುವರ್ಷ ಅವು ಮತ್ತೆ ಬಂದ ಸುದ್ದಿ ಸಿಕ್ಕಾಗ ನಾನು ಬರೀ ಕೈಯಲ್ಲಿ ಹೋಗಿ ಮೊದಲು ಅವ್ವನ ಜೊತೆ ಮಾತಾಡಿದೆ. ಸಾಲು ಕೂಡಿಸಬಾರದು, ನೋವಿದ್ದವರು ನೇರ ಆಸ್ಪತ್ರೆಗೇ ಬರಬೇಕು ಎಂದು ಕೈ ಮುಗಿದು ಕೇಳಿಕೊಂಡೆ. ಆಕೆ ಒಪ್ಪಿದಳು. ಆ ಚಿಕ್ಕ ಮಿಷನ್ನಿನ ಮೇಲೆ ಆಕೆಗೂ ಈಗ ಅಷ್ಟು ನಂಬಿಕೆ ಉಳಿದಿರಲಿಲ್ಲ. "ಮೋಟರಂತೂ ಕಾಣಲಿಲ್ಲ ಬಿಡು" ಎಂದಳು.

ಮುಂದಿನ ಭಾನುವಾರ ಲೆನ್ಸು ತಂದೆ. ಅವ್ವ, ಎಮ್ಮೆ, ನಾನು, ಅಷ್ಟೇ ಜನ. ಹೆಬ್ಬಾತುಗಳು ನೀರಿನಾಚೆ ಮೇಯುತ್ತಿದ್ದವು. ಇಷ್ಟು ದಿನವಾದರೂ ಆಕೆ ಒಮ್ಮೆಯೂ ಲೆನ್ಸಿನೊಳಗೆ ನೋಡಿಲ್ಲವೆಂದು ಆಗ ನನಗೆ ಹೊಳೆಯಿತು. 

"ಬಾ ಅವ್ವಾ, ನೀನೂ ನೋಡು."

ಆಕೆ ಎಲೆ ಅಡಿಕೆ ಉಗಿದು, ಸೆರಗಿನಿಂದ ಮುಖ ಒರೆಸಿಕೊಂಡು, ಗುಡಿಯ ಬಾಗಿಲಿಗೆ ಬಗ್ಗುವಂತೆ ಬಗ್ಗಿ ಕಣ್ಣಿಟ್ಟಳು.

"ಯವ್ವಾ... ಕಣ್ಣಿನ ಸುತ್ತ ಕಾಡಿಗಿ ಹಚ್ಚಿದಂಗೈತಿ. ಬಾಯಿ ತಗೀತು. ನಾಲಗಿ ಕಾಣ್ತು ನೋಡು. ಮರಿ ಅದಾವ ಜೊತಿಗೆ, ಎರಡು. ತಾಯಿ ಹಿಂದ ಹಿಂದ..." ಮೆಲ್ಲಗೆ ಲೆನ್ಸನ್ನು ಅವುಗಳ ಜೊತೆಗೇ ತಿರುಗಿಸುತ್ತ ಹೋದಳು. ದನಿ ಮೆತ್ತಗಾಗಿತ್ತು, ತೊಟ್ಟಿಲ ಮುಂದೆ ಮಾತಾಡುವವರ ಹಾಗೆ. ನನಗೆ ಕಣ್ಣು ತುಂಬಿ ಬಂತು.

ತಿರುಗುತ್ತಿದ್ದ ಲೆನ್ಸು ತಟ್ಟನೆ ನಿಂತಿತು.

"ಅಯ್ಯ, ನಿನ್ನ ಮನಿ ಹಾಳಾಗ!"

"ಏನವ್ವಾ?"

"ನಮ್ಮ ಕಡ್ಲಿ ಹೊಲದಾಗ ಬಾಜೂ ಹೊಲದೋರು ಎಮ್ಮಿ ಬಿಟ್ಟಾರ! ಮೂರು ಎಮ್ಮಿ! ಗಂಡ ಹೆಂಡ್ತಿ ಬದುವಿನ ಮ್ಯಾಲೆ ಕುಂತು ನಗಾಕತ್ತಾರ, ಹಲ್ಲು ಕಾಣ್ತಾವ ನನಗ!"

ಎಮ್ಮೆಯ ಹಗ್ಗವನ್ನು ನನ್ನ ಕೈಗೆ ತುರುಕಿ, ಕೋಲು ಬೀಸುತ್ತ, ಅರ್ಧ ಮೈಲಿ ಸುತ್ತಿನ ದಾರಿಯಲ್ಲಿ, ಸೊಂಟ ನೋವಿನ ಆ ಹೆಂಗಸು ಓಡಿದ ವೇಗವನ್ನು ನಾನು ಮರೆಯಲಾರೆ. ಆಕೆಯ ಬೈಗುಳಕ್ಕೆ ದಂಡೆಯ ಮೇಲಿನ ಒಂದೊಂದು ಹೆಬ್ಬಾತೂ ಎದ್ದು ಹಾರಿತು. ನಾನು ಹಗ್ಗ ಹಿಡಿದುಕೊಂಡು ಅಲ್ಲೇ ಹುಲ್ಲಿನ ಮೇಲೆ ಕೂತೆ. ಎಮ್ಮೆ ಮೇಯತೊಡಗಿತು. ಆಚೆ ದಡದಲ್ಲಿ ಜಗಳ ಮುಗಿಯುವ ಹಾಗೆ ಕಾಣುತ್ತಿರಲಿಲ್ಲ.